ಎದುರು ಗಾಡಿಯ ಕೈ

ಈ ನಗರದ ಸಾರಿಗೆಯ ಚರಿತ್ರೆಯನ್ನು ಮುಂದೆ ಯಾರಾದರೂ ಬರೆಯುವುದಾದರೆ, ಅವರು ಮೊದಲ ಅಧ್ಯಾಯವನ್ನು ಉಕ್ಕಿಗೋ ವಿದ್ಯುತ್ತಿಗೋ ಕೊಡದೆ, ಎದುರುಬದುರಾಗಿ ಹಾದುಹೋಗುವ ಇಬ್ಬರು ಡ್ರೈವರುಗಳು ಒಬ್ಬರಿಗೊಬ್ಬರು ಎತ್ತುವ ಕೈಗೆ ಕೊಡಬೇಕೆಂದು ಇಲ್ಲಿ ಗಂಭೀರವಾಗಿ ಸೂಚಿಸಲಾಗಿದೆ. ಕೈ ಎಂದರೆ ಇಡೀ ತೋಳೇನೂ ಅಲ್ಲ. ಹಿಡಿಕೆಯಿಂದ ಗೇಣುದ್ದ ಮೇಲೆದ್ದು, ಸೊಳ್ಳೆ ಓಡಿಸಿದ ಹಾಗೆ ಒಮ್ಮೆ ಆಡಿ, ಮತ್ತೆ ಹಿಡಿಕೆಯ ಮೇಲೆ ಬೀಳುವ ಕೈ. ಇಷ್ಟಕ್ಕಾಗಿ ಒಬ್ಬರು ಕೆಲಸದಿಂದ ಅಮಾನತಾದರು, ಒಂದು ದಿನ ಹೆಚ್ಚುಕಡಿಮೆ ಇಡೀ ಊರು ಕಾಲ್ನಡಿಗೆಯಲ್ಲಿ ಆಫೀಸಿಗೆ ಹೋಯಿತು, ಒಂದು ಮನೆಯಲ್ಲಿ ಭಾವನಿಗೂ ನಾದಿನಿಗೂ ಮಾತು ನಿಂತಿತು.

ಕಾಗದಪತ್ರಗಳಲ್ಲಿ ಅದು ನಗರ ಲಘು ರೈಲು. ಜನರ ಬಾಯಲ್ಲಿ ಟ್ರಾಮು. ಓಡಿಸುವವರಿಗೆ ಬರೀ ಗಾಡಿ. ಬೀದಿಯ ನಡುವೆಯೇ ಹಳಿ, ಹಳಿಯ ಎರಡೂ ಪಕ್ಕ ಅಂಗಡಿ, ಅಂಗಡಿಯ ಸಾಮಾನು ಹಳಿಯವರೆಗೂ. ಇಂಥ ದಾರಿಯಲ್ಲಿ ತಿರುವಿನ ಆಚೆ ಏನಿದೆ ಎಂದು ತಿಳಿದಿರುವವರು ಒಬ್ಬರೇ, ಈಗಷ್ಟೇ ಆಚೆಯಿಂದ ಬಂದವರು. ಹಾಗಾಗಿ ಗಾಡಿಗಳು ನಗರಸಭೆಯ ವಶದಲ್ಲಿದ್ದ ಕಾಲದಿಂದಲೂ ಡ್ರೈವರುಗಳು ಕೈಯಲ್ಲೇ ಮಾತಾಡುತ್ತಿದ್ದರು. ಅಂಗೈ ತೋರಿಸಿದರೆ ನಾನು ಬಂದ ದಾರಿ ಸಲೀಸು, ಹೋಗು. ಅಂಗೈಯನ್ನು ಕೆಳಕ್ಕೆ ಒತ್ತಿದರೆ ಮುಂದೆ ಜನ, ನಿಧಾನ. ಮುಷ್ಟಿ ಹಿಡಿದರೆ ನಿಲ್ಲು.

ಆಮೇಲೆ ಟೆಂಡರು ಗೆದ್ದ ಕಂಪನಿ ಬಂತು. ಗಾಡಿಗಳಿಗೆ ಹೊಸ ಬಣ್ಣ ಬಂತು, ಡ್ರೈವರುಗಳಿಗೆ ಟೈ ಬಂತು, ಪ್ರತಿ ಕ್ಯಾಬಿನ್ನಿಗೆ ಒಂದು ರೇಡಿಯೋ ಬಂತು. ರೇಡಿಯೋ ಇರುವಾಗ ಕೈ ಯಾತಕ್ಕೆ ಎಂದು ಕಂಪನಿ ಕೇಳಿತು. ಕೈಗೂ ಸಂಬಳ ಕೊಡುತ್ತಿದ್ದುದರಿಂದ ಕೇಳುವ ಹಕ್ಕು ಅದಕ್ಕಿತ್ತು. ಎರಡೂ ಕೈ ಹಿಡಿಕೆಯ ಮೇಲಿರತಕ್ಕದ್ದು, ತಪ್ಪಿದರೆ ಕೆಲಸ ಹೋಗತಕ್ಕದ್ದು ಎಂದು ಅಪ್ಪಣೆಯಾಯಿತು. ದಪ್ಪ ಕನ್ನಡಕದ ಹಿರಿಯ ಡ್ರೈವರೊಬ್ಬರು ಅಭ್ಯಾಸಬಲದಿಂದ ಎತ್ತಿಬಿಟ್ಟರು, ಅಮಾನತಾದರು. ಯೂನಿಯನ್ ಒಂದು ದಿನ ಗಾಡಿ ನಿಲ್ಲಿಸಿತು. ಕನ್ನಡಕದವರು ಕೆಲಸಕ್ಕೆ ವಾಪಸು ಬಂದರು, ಅಪ್ಪಣೆ ಮಾತ್ರ ಹಾಗೇ ಉಳಿಯಿತು, ಕೈಗಳೂ ಕದ್ದುಮುಚ್ಚಿ ಏಳುತ್ತಲೇ ಉಳಿದವು.

ಆ ಮುಷ್ಕರದ ದಿನವೂ ಗಾಡಿ ಓಡಿಸಿದ ಕೆಲವರಲ್ಲಿ, ಆಮೇಲೂ ಕೆಲಸ ಬಿಡದೆ ಉಳಿದವಳು ಒಬ್ಬಳೇ. ಡಿಪೋದಲ್ಲಿ ಅವಳಿಗೆ ಗಂಟೆಯಮ್ಮ ಎಂದು ಹೆಸರು. ಬೇರೆಯವರು ಜನರನ್ನು ಕಂಡರೆ ಗಂಟೆ ಹೊಡೆಯುತ್ತಿದ್ದರು. ಅವಳು ಜನ ಇರಬಹುದು ಎಂದು ಅನ್ನಿಸಿದರೂ ಹೊಡೆಯುತ್ತಿದ್ದಳು. "ಗಂಟೆಯಮ್ಮನ ಸವಾರಿ ಬಂತು, ಹಳಿ ಮೇಲಿನ ನೊಣಗಳೆಲ್ಲ ಜಾಗ ಬಿಡ್ರಪ್ಪೋ," ಎಂದು ಡಿಪೋದ ಬಾಗಿಲಲ್ಲೇ ಕೂಗುತ್ತಿದ್ದರು. ಅವಳಿಗೆ ಸಿಟ್ಟು ಬರುತ್ತಿರಲಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಎದುರು ಗಾಡಿಯ ಡ್ರೈವರು ಅಂಗೈ ಒತ್ತಿ ತೋರಿಸಿದ್ದರಿಂದ ಅವಳು ನಿಧಾನ ಮಾಡಿದ್ದಳು. ತಿರುವು ದಾಟಿದರೆ ಒಬ್ಬ ಮುದುಕಿ ಹಳಿಯ ಮೇಲೆ ಬಗ್ಗಿ, ಚೀಲ ಹರಿದು ಚೆಲ್ಲಿದ ಈರುಳ್ಳಿ ಆರಿಸುತ್ತಿದ್ದಳು. ಆ ಬಗ್ಗಿದ ಬೆನ್ನು ಇವಳ ಕಣ್ಣಿನಿಂದ ಹೋಗಲೇ ಇಲ್ಲ. ಆ ಕೈ ಇಲ್ಲದಿದ್ದರೆ ಎಂಬ ಯೋಚನೆ ಬಂದಾಗಲೆಲ್ಲ ಅವಳ ಕೈ ತಾನಾಗಿ ಗಂಟೆಯ ಗುಂಡಿಗೆ ಹೋಗುತ್ತಿತ್ತು.

ಮುಷ್ಕರದ ಹಿಂದಿನ ಸಂಜೆ ಇನ್ನೂ ಖಾಯಂ ಆಗದವರಿಗೆಲ್ಲ ಕಂಪನಿಯಿಂದ ಫೋನು ಬಂದಿತ್ತು. "ನಾಳೆ ಬರದಿದ್ದವರು ನಾಡಿದ್ದೂ ಬರೋದು ಬೇಡ," ಎಂದಷ್ಟೇ ಹೇಳಿ ಇಟ್ಟಿದ್ದರು. ಗಂಡ ಹೇಳದೆ ಕೇಳದೆ ಮನೆ ಬಿಟ್ಟುಹೋದ ಮೇಲೆ ಅವಳು ಅಕ್ಕನ ಮನೆಯ ಹಿಂಗೋಣೆಯಲ್ಲಿ, ಹೊಲಿಗೆ ಯಂತ್ರಕ್ಕೂ ಹಳೆ ಹಾಸಿಗೆಗಳಿಗೂ ನಡುವೆ ಮಲಗುತ್ತಿದ್ದಳು. ತಿಂಗಳ ಕೊನೆಗೆ ಕೆಲಸ ಖಾಯಂ ಆದರೆ ಡಿಪೋದ ಹಿಂದಿನ ವಸತಿಯಲ್ಲಿ ಒಂದು ಕೋಣೆ, ಒಂದು ನಲ್ಲಿ, ಒಳಗಿನಿಂದ ಹಾಕಿಕೊಳ್ಳಬಹುದಾದ ಒಂದು ಚಿಲಕ. ಹೆದರಿದಳು, ಹೋದಳು, ಓಡಿಸಿದಳು.

ಮುಷ್ಕರ ಮುಗಿದ ಮೇಲೆ ಯೂನಿಯನ್ ಅವಳಿಗೆ ಕೊಟ್ಟ ಶಿಕ್ಷೆ ಬಲು ಸರಳ. ಅವಳಿಗೆ ಯಾರೂ ಕೈ ಎತ್ತಕೂಡದು, ಅವಳ ಕಡೆ ನೋಡಲೂ ಕೂಡದು. ಈ ತೀರ್ಮಾನವನ್ನು ಮಂಡಿಸಿದವರು ಯೂನಿಯನ್ನಿನ ಮುಖಂಡರು, ತಾವೇ ಒಬ್ಬ ಡ್ರೈವರು, ಮೇಲಾಗಿ ಅವಳ ಅಕ್ಕನ ಗಂಡ.

ಭಾವ ತತ್ವಕ್ಕೆ ಕಟ್ಟುಬಿದ್ದವರು. ಊಟಕ್ಕೆ ಕೂತಾಗ ಉಪ್ಪಿನ ಡಬ್ಬಿ ನಾದಿನಿಯ ಮೊಣಕೈ ಹತ್ತಿರವೇ ಇರುತ್ತಿತ್ತು.

"ಉಪ್ಪು ಅಲ್ಲೆಲ್ಲೋ ಇದ್ದ ಹಾಗಿದೆ," ಎಂದರು ಭಾವ ಒಂದು ದಿನ, ಗೋಡೆಗೆ.

"ಗೋಡೆ ಎದ್ದು ತಂದುಕೊಡಲ್ಲ. ಅವಳನ್ನ ಕೇಳಿ," ಎಂದಳು ಅಕ್ಕ.

"ತೀರ್ಮಾನ ಅಂದ್ರೆ ತೀರ್ಮಾನ. ಡಿಪೋಗೊಂದು ಮನೆಗೊಂದು ಅಂತ ಇರಲ್ಲ."

"ಹಾಗಾದ್ರೆ ಒಲೆ ಮುಂದೆ ನಾನೂ ಒಂದು ಯೂನಿಯನ್ ಮಾಡ್ತೀನಿ. ಇವತ್ತಿಂದ ಸಪ್ಪೆ ಊಟ."

ನಾದಿನಿಯೇ ಡಬ್ಬಿಯನ್ನು ಮೆಲ್ಲಗೆ ತಳ್ಳಿದಳು. ಭಾವ ಡಬ್ಬಿ ಗಾಳಿಗೆ ಸರಿದುಬಂದ ಹಾಗೆ ತೆಗೆದುಕೊಂಡರು. ಅಕ್ಕ ನಕ್ಕಳು. ತಂಗಿಗೆ ನಗು ಬರಲಿಲ್ಲ. ಮಾತು ಬಿಟ್ಟರೆ ಬಿಡಲಿ, ಬೈದರೆ ಇನ್ನೂ ಒಳ್ಳೆಯದು. ಅವಳ ಹೆದರಿಕೆ ಊಟದ ಮನೆಯದಲ್ಲ, ಹಳಿಯದು.

ಏಕೆಂದರೆ ಈ ತೀರ್ಮಾನ ಮಾಡಿದವರು ಒಂದು ಸಂಗತಿ ಯೋಚಿಸಿರಲಿಲ್ಲ, ಅಥವಾ ಯೋಚಿಸಿ ಬಾಯಿ ಬಿಟ್ಟಿರಲಿಲ್ಲ. ಕೈ ಎತ್ತದಿದ್ದರೆ ಮರ್ಯಾದೆ ಹೋಗುತ್ತದೆ, ಅದು ಸರಿ. ಆದರೆ ನೋಡಲೇ ಬಾರದೆಂದರೆ ಮುಷ್ಟಿ ತೋರಿಸುವುದು ಹೇಗೆ? ಮುಂದೆ ಮುದುಕಿ ಬಗ್ಗಿದ್ದರೆ? ಅದನ್ನೂ ಹೇಳುವುದಿಲ್ಲವೇ? ಮನುಷ್ಯರಲ್ಲವೇ, ಹೇಳಿಯೇ ಹೇಳುತ್ತಾರೆ ಎಂದು ಬೆಳಿಗ್ಗೆ ಹೊರಡುವಾಗ ಅನ್ನಿಸುತ್ತಿತ್ತು. ಮೊದಲ ಎದುರು ಗಾಡಿ, ಅದರ ಗಾಜಿನ ಹಿಂದೆ ಕಲ್ಲಿನಲ್ಲಿ ಕಡೆದಂತೆ ನೆಟ್ಟಗೆ ಕೂತ ಮುಖ ಹಾದುಹೋದ ಕೂಡಲೇ ಆ ಧೈರ್ಯ ಸೋರಿಹೋಗುತ್ತಿತ್ತು. ಅಂಗೈ ಬೆವರಿ ಹಿಡಿಕೆ ಜಾರುತ್ತಿತ್ತು. ಕರವಸ್ತ್ರ ಸುತ್ತಿಕೊಂಡು ಹಿಡಿಯುತ್ತಿದ್ದಳು. ತಿರುವು ಬಂದಾಗ ಉಸಿರು ಹಿಡಿದು, ದಾಟಿದ ಮೇಲೆ ಬಿಡುತ್ತಿದ್ದಳು. ಊರಲ್ಲಿ ಇಷ್ಟೊಂದು ತಿರುವುಗಳಿವೆ ಎಂದು ಆವರೆಗೆ ಅವಳ ಶ್ವಾಸಕೋಶಕ್ಕೆ ಗೊತ್ತಿರಲಿಲ್ಲ. ಡಿಪೋದ ಕೋಣೆಗೆ ಕಾಲಿಟ್ಟರೆ ಮಾತು ನಿಂತು, ಚಹಾದ ಕೆಟಲ್ಲಿನ ಸದ್ದೊಂದೇ ಉಳಿಯುತ್ತಿತ್ತು. ನೊಣದ ತಮಾಷೆಯನ್ನೂ ಯಾರೂ ಮಾಡುತ್ತಿರಲಿಲ್ಲ.

ಒಂದು ದಿನ ನಡುಮಧ್ಯಾಹ್ನ. ಹಳೆ ಗೋದಾಮುಗಳ ಹತ್ತಿರ ಹಳಿ ಎರಡು ಎತ್ತರದ ಗೋಡೆಗಳ ನಡುವೆ ನುಗ್ಗಿ ಥಟ್ಟನೆ ಬಲಕ್ಕೆ ತಿರುಗುತ್ತದೆ. ಆಚೆಗೆ ತರಕಾರಿ ಸಗಟು ಅಂಗಡಿಗಳು, ತಳ್ಳುಗಾಡಿಗಳು, ಮೂಟೆ ಹೊರುವವರು. ಇಡೀ ದಾರಿಯಲ್ಲಿ ಅವಳು ಅತಿ ಹೆಚ್ಚು ಹೆದರುತ್ತಿದ್ದ ಜಾಗ ಇದೇ. ಗಂಟೆ ಹೊಡೆಯುತ್ತಲೇ ಹೋದಳು. ತಿರುವಿನಿಂದ ಎದುರು ಗಾಡಿ ಮೂತಿ ತೋರಿಸಿತು. ಗಾಜಿನ ಹಿಂದೆ ಭಾವ.

ಅವರ ಮುಖ ನೇರ ಮುಂದಕ್ಕಿತ್ತು. ಆದರೆ ಬಲಗೈ ಹಿಡಿಕೆ ಬಿಟ್ಟು ಮೇಲೆದ್ದಿತು. ಎದೆಮಟ್ಟಕ್ಕೆ ಬಂತು. ಅಲ್ಲಿ ಒಂದು ಕ್ಷಣ ಗಾಳಿಯಲ್ಲಿ ನಿಂತಿತು. ಆಮೇಲೆ ಅಂಗೈಯೂ ಆಗದೆ ಮುಷ್ಟಿಯೂ ಆಗದೆ ಸರಕ್ಕನೆ ತಲೆಯ ಕಡೆ ಹೋಯಿತು. ಅಷ್ಟರಲ್ಲಿ ಗಾಜಿನ ಮೇಲೆ ಬಿಸಿಲು ಹೊಳೆದು, ಗಾಡಿ ಹಾದುಹೋಯಿತು.

ಇಷ್ಟು ದಿನ ಏಳದ ಕೈ ಇವತ್ತು, ಈ ತಿರುವಿನಲ್ಲೇ ಯಾಕೆ ಎದ್ದಿತು? ಏನೋ ಹೇಳಹೊರಟಿತ್ತು. ಹೇಳಿ ಮುಗಿಸಲಿಲ್ಲ. ಅವಳ ಕೈ ಮಾತ್ರ ಯೋಚನೆಗೆ ಕಾಯಲಿಲ್ಲ. ಬ್ರೇಕಿನ ಹಿಡಿಕೆಯನ್ನು ಪೂರ್ತಿ ಎಳೆದುಬಿಟ್ಟಿತ್ತು. ಗಾಡಿ ಚೀರಿ, ಮುಗ್ಗರಿಸಿ, ಗೋಡೆಗಳ ನಡುವೆ ನಿಂತಿತು.

"ಏನಮ್ಮಾ, ಇಲ್ಲೇ ಸಂಸಾರ ಹೂಡೋಣ ಅಂತಾನಾ?" ಎಂದು ಹಿಂದಿನಿಂದ ಯಾರೋ ಕೂಗಿದರು. ನಾಲ್ಕು ಜನ ನಕ್ಕರು. ರೇಡಿಯೋ ಗೊರಗುಟ್ಟಿತು.

"ಏಳನೇ ಗಾಡಿ, ಯಾಕೆ ನಿಂತ್ರಿ?"

"ತಿರುವು ನೋಡ್ಬೇಕು."

"ಏನಿದೆ ತಿರುವಲ್ಲಿ?"

"ಗೊತ್ತಿಲ್ಲ ಸಾರ್. ಅದಕ್ಕೇ ನೋಡ್ಬೇಕು."

"ನನ್ನ ಸ್ಕ್ರೀನಲ್ಲಿ ದಾರಿ ಖಾಲಿ ಇದೆ. ಹೊರಡಿ."

"ನಿಮ್ಮ ಸ್ಕ್ರೀನಲ್ಲಿ ಮನುಷ್ಯರು ಕಾಣ್ತಾರಾ ಸಾರ್?"

"ಗಾಡಿಗಳು ಕಾಣ್ತವೆ," ಎಂದಿತು ರೇಡಿಯೋ. "ನೋಡಿ, ಕಾರಣ ಇಲ್ಲದೆ ನಿಲ್ಲಿಸಿದ್ರೆ ಬೇಕಂತ ನಿಧಾನ ಮಾಡ್ತಿದ್ದೀರಿ ಅಂತ ಆಗುತ್ತೆ. ಯೂನಿಯನ್ನಿನವರ ಆಟ ಅಂತ ಆಗುತ್ತೆ. ನೀವಿನ್ನೂ ಖಾಯಂ ಅಲ್ಲ ಅಲ್ವಾ?"

ಅಲ್ಲ. ಹಿಡಿಕೆಯನ್ನು ಮುಂದಕ್ಕೆ ತಳ್ಳಬೇಕು, ಅಷ್ಟೇ. ತಳ್ಳಲು ಹೋದಳು. ಬೆರಳುಗಳು ಬಿಗಿದುಕೊಂಡವು, ತಳ್ಳಲಿಲ್ಲ. ಕಣ್ಣ ಮುಂದೆ ಆ ಬಗ್ಗಿದ ಬೆನ್ನು, ಅದರ ಮಾಸಲು ಸೆರಗು ಕೂಡ ಕಂಡಿತು. ಅವಳು ಕೀಲಿ ತೆಗೆದು, ಕ್ಯಾಬಿನ್ನಿನ ಬಾಗಿಲು ತೆರೆದು ಕೆಳಗಿಳಿದಳು. ಅದೂ ಮಾಡಬಾರದ ಕೆಲಸವೇ.

ಗೋಡೆ ಹಿಡಿದುಕೊಂಡು ನಡೆದಳು. ತಿರುವಿನ ಅಂಚಿನಲ್ಲಿ ನಿಂತು ಕಣ್ಣು ಮುಚ್ಚಿಕೊಂಡಳು. ನೋಡಲೆಂದೇ ಬಂದವಳು ಕಣ್ಣು ಮುಚ್ಚಿಕೊಂಡದ್ದು ವಿಚಿತ್ರ, ಆದರೆ ಮುಚ್ಚಿಕೊಂಡಳು. ಆಮೇಲೆ ತೆರೆದಳು.

ಹಳಿ ಖಾಲಿ. ಬಿಸಿಲಿಗೆ ಹೊಳೆಯುತ್ತ ಎರಡು ಗೆರೆ ನೇರವಾಗಿ ಹೋಗಿದ್ದವು. ತಳ್ಳುಗಾಡಿಗಳು ಪಕ್ಕಕ್ಕೆ ಶಿಸ್ತಾಗಿ ನಿಂತಿದ್ದವು. ಮೂಟೆಯ ಮೇಲೆ ಕಾಲು ಚಾಚಿ ಕೂತಿದ್ದ ವ್ಯಾಪಾರಿ ಅವಳ ಟೈ ನೋಡಿ ಕೇಳಿದ: "ಯಾರನ್ನ ಹುಡುಕ್ತಿದ್ದೀರಿ?"

"ಯಾರನ್ನೂ ಇಲ್ಲ."

"ಸಿಕ್ಕಿದ್ರಾ?"

"ಇಲ್ಲ, ಸದ್ಯ," ಎಂದಳು. ಏನಾದರೂ ಇದ್ದಿದ್ದರೆ ಗಾಡಿ ನಿಲ್ಲಿಸಿದ್ದಕ್ಕೆ ಅವಳಿಗೆ ಕಾರಣ ಸಿಗುತ್ತಿತ್ತು. ಏನೂ ಇಲ್ಲದ್ದಕ್ಕೆ ಹಾಯೆನಿಸಿದ್ದು ಎರಡು ಉಸಿರಿನಷ್ಟು ಹೊತ್ತು. ಮೂರನೆಯದಕ್ಕೆ ಹೊಸ ಹೆದರಿಕೆ ಒಳಗೆ ಬಂದಿತ್ತು.

ಸಂಜೆ ಬಟ್ಟೆ ತೆಗೆಯಲು ತಾರಸಿಗೆ ಹೋದರೆ, ಒಣಗುತ್ತಿದ್ದ ಹೊದಿಕೆಯ ಹಿಂದೆ ಭಾವ ನಿಂತಿದ್ದರು. ಸುದ್ದಿ ಡಿಪೋದಿಂದ ಅವರಿಗಿಂತ ಮುಂಚೆ ಮನೆ ಮುಟ್ಟಿತ್ತು. ನಾಳೆ ಬೆಳಿಗ್ಗೆ ಅವಳಿಗೆ ವಿಚಾರಣೆ.

"ನಿನ್ನ ಹತ್ರ ಒಂದು ಮಾತಿತ್ತು," ಎಂದರು, ನೇರವಾಗಿ ಅವಳಿಗೇ.

"ಅಯ್ಯೋ, ಗೋಡೆಗೆ ಕಿವಿ ಮಂದ ಆಯ್ತಾ?" ಎಂದಳು ಮೆಟ್ಟಿಲ ಬಾಗಿಲಲ್ಲಿದ್ದ ಅಕ್ಕ.

"ನೀನು ಸುಮ್ನಿರೇ ಸ್ವಲ್ಪ." ಅವರ ದನಿ ಸಭೆಗಳಲ್ಲಿ ಕೇಳುವ ದನಿಯಾಗಿರಲಿಲ್ಲ.

ಅವಳು ಕೇಳಿದಳು: "ಭಾವ, ಅದು ಯಾವ ಕೈ? ಅಂಗೈಯೋ, ಮುಷ್ಟಿಯೋ?"

"ಯಾವುದೂ ಅಲ್ಲ. ಮರೆತುಹೋಯ್ತು ಕಣಮ್ಮ. ಎದುರು ಗಾಡಿ ಕಂಡಿತು, ಕೈ ಎದ್ದಿತು. ಇಪ್ಪತ್ತು ವರ್ಷದಿಂದ ಏಳ್ತಿರೋ ಕೈ, ಅದಕ್ಕೆ ತೀರ್ಮಾನ ಓದಕ್ಕೆ ಬರುತ್ತಾ? ಅರ್ಧ ಎದ್ದ ಮೇಲೆ ಆ ಗಾಡಿ ನಿನ್ನದು ಅಂತ ಹೊಳೀತು."

"ಆಮೇಲೆ?"

"ಆಮೇಲೇನು, ತಲೆ ಕೆರ್ಕೊಂಡೆ."

ಅಕ್ಕನಿಗೆ ನಗು ಉಕ್ಕಿಬಂತು. ಸೆರಗು ಬಾಯಿಗೆ ಒತ್ತಿಕೊಂಡಳು. ಭಾವ ಹೊದಿಕೆಯ ಅಂಚನ್ನು ಮಡಚಿ ಬಿಡಿಸುತ್ತಿದ್ದರು. ಕೈ ಎತ್ತಿದ್ದು ಕಂಪನಿಗೆ ಗೊತ್ತಾದರೆ ಕೆಲಸ ಹೋಗುತ್ತದೆ. ಮುಷ್ಕರ ಮುರಿದವಳಿಗೆ ಎತ್ತಿದ್ದು ಯೂನಿಯನ್ನಿಗೆ ಗೊತ್ತಾದರೆ, ತೀರ್ಮಾನ ಮಂಡಿಸಿದವರೇ ಮುರಿದರೆಂದು ಮಾನ ಹೋಗುತ್ತದೆ. ಎರಡು ಕಡೆಯಿಂದಲೂ ಗಾಡಿ ಬರುತ್ತಿರುವ ಹಳಿಯ ನಡುವೆ ಮುಖಂಡರು ನಿಂತಿದ್ದರು.

"ದಾರಿ ಸಲೀಸಿತ್ತಾ?" ಎಂದಳು ನಾದಿನಿ.

"ಸಲೀಸಿತ್ತು."

"ಇಲ್ಲದಿದ್ರೆ ಹೇಳ್ತಿದ್ರಾ?"

ಭಾವ ಹೊದಿಕೆಯ ಹೂಗಳ ಕಡೆ ತಿರುಗಿದರು.

"ನಾನು ನಿನ್ನ ಕಡೆ ನೋಡ್ತಾನೇ ಇರಲಿಲ್ವಲ್ಲ," ಎಂದರು, ತಮಗೇ ಈಗಷ್ಟೇ ತಿಳಿದವರ ಹಾಗೆ. ಆಮೇಲೆ ಇನ್ನೂ ಮೆಲ್ಲಗೆ, "ನಾಳೆ ಕೇಳಿದ್ರೆ ತಲೆ ಕೆರ್ಕೊಂಡ್ರು ಅಂತ ಹೇಳು," ಎಂದರು.

ವಿಚಾರಣೆಯ ಸಾಹೇಬರು ಕೂಗಾಡುವವರಲ್ಲ. ಅದೇ ಹೆಚ್ಚು ಹೆದರಿಕೆ ಹುಟ್ಟಿಸುತ್ತಿತ್ತು. ಕುರ್ಚಿ ತೋರಿಸಿದರು, ನೀರು ಕೊಟ್ಟರು, ಫ್ಯಾನು ಜೋರಾಯಿತೇ ಎಂದು ವಿಚಾರಿಸಿದರು. ಅವಳ ಗಾಡಿಯ ಮುಂದಿನ ಕ್ಯಾಮೆರಾದ ಚಿತ್ರ ಪರದೆಯ ಮೇಲೆ ಓಡಿಸಿದರು. ಎದುರು ಗಾಡಿ ಬಂತು, ಗಾಜಿನ ಹಿಂದೆ ಕಪ್ಪಗೆ ಏನೋ ಅಲ್ಲಾಡಿತು, ಬಿಸಿಲು ಹೊಳೆದು ಎಲ್ಲ ಬೆಳ್ಳಗಾಯಿತು.

"ನಿಮ್ಮ ಮೇಲೆ ನಮಗೆ ಒಂಚೂರೂ ಸಿಟ್ಟಿಲ್ಲಮ್ಮ," ಎಂದರು. "ಮುಷ್ಕರದ ದಿನ ನೀವು ಬಂದದ್ದು ಮರೆತಿಲ್ಲ. ಈಗ ಏನಾಗಿದೆ ಅಂದ್ರೆ, ಆತ ಕೈ ತೋರಿಸಿದಾನೆ, ನೀವು ಗಾಬರಿಯಾಗಿ ನಿಲ್ಲಿಸಿದೀರಿ. ಹಾಗಿದ್ರೆ ತಪ್ಪು ನಿಮ್ಮದಾಗಲ್ಲ. ತಿಂಗಳ ಕೊನೆಗೆ ಎಲ್ಲ ನಡೀಬೇಕಾದ ಹಾಗೆ ನಡೆಯುತ್ತೆ. ವಸತಿಯ ಕೋಣೆಗೆ ಸುಣ್ಣ ಹೊಡೆಸ್ತಾ ಇದೀವಿ, ನೋಡಿದ್ರಾ?"

ನೋಡಿದ್ದಳು. ಕಿಟಕಿಯಿಂದ ಇಣುಕಿದ್ದಳು ಕೂಡ. ಎಲ್ಲಕ್ಕಿಂತ ಹೆದರಿಕೆಯ ವಿಷಯ ಎಂದರೆ, ಸಾಹೇಬರು ಹೇಳಿಸಲು ಬಯಸಿದ್ದು ಸುಳ್ಳಲ್ಲ. ಕೈ ಎದ್ದದ್ದು ನಿಜ, ಅವಳು ಗಾಬರಿಯಾದದ್ದು ನಿಜ. ಅವಳನ್ನು ಉಪ್ಪಿನ ಡಬ್ಬಿಗಿಂತ ಕಡೆಯಾಗಿ ಕಂಡ ಮನುಷ್ಯನನ್ನು ಕಾಪಾಡುತ್ತೇನೆಂದು ಅವಳೇನೂ ಹರಕೆ ಹೊತ್ತಿರಲಿಲ್ಲ. ಒಂದು ಮಾತು, ಚಿಲಕ ಅವಳದು.

ಆ ಚಿಲಕ ಹಾಕಿಕೊಂಡು ಮಲಗಿ, ಬೆಳಿಗ್ಗೆ ಎದ್ದು ಗಾಡಿ ಹತ್ತುವುದನ್ನು ಯೋಚಿಸಿದಳು. ಎದುರಿನಿಂದ ಗಾಡಿಗಳು ಬರುತ್ತವೆ. ಒಂದು ಕೈ ಎತ್ತಿದ್ದಕ್ಕೆ ಭಾವನ ಕೆಲಸ ಹೋಗಿರುತ್ತದೆ. ಇನ್ನು ಯಾರಿಗೂ ಯಾರೂ ಎತ್ತುವುದಿಲ್ಲ, ಮುಷ್ಟಿಯನ್ನೂ. ಅಷ್ಟೂ ಗಾಡಿಗಳು, ಅಷ್ಟೂ ತಿರುವುಗಳು, ಅಷ್ಟೂ ಡ್ರೈವರುಗಳು ಕಳೆದ ವಾರಗಳಲ್ಲಿ ಅವಳು ಓಡಿಸಿದ ಹಾಗೆ ಓಡಿಸುತ್ತಾರೆ. ಅವಳೂ ಅವರ ಜೊತೆಗೆ, ನಿವೃತ್ತಿಯವರೆಗೆ. ಲೋಟದ ನೀರು ಕುಡಿದಳು.

"ಅವರು ನನ್ನ ಕಡೆ ನೋಡಲೇ ಇಲ್ಲ ಸಾರ್," ಎಂದಳು.

"ಕೈ?"

"ತಲೆ ಕೆರ್ಕೊಂಡ್ರು."

ಸಾಹೇಬರು ಪೆನ್ನಿನ ಟೋಪಿ ಹಾಕಿ, ಮತ್ತೆ ತೆಗೆದರು. "ಹಾಗಾದ್ರೆ ನೀವು ಯಾಕೆ ನಿಲ್ಲಿಸಿದ್ರಿ?"

"ಹೆದರಿಕೆ ಆಯ್ತು."

"ಯಾವುದಕ್ಕೆ?"

"ತಿರುವಿನಾಚೆ ಏನಿದೆ ಅಂತ ಯಾರೂ ಹೇಳಲಿಲ್ಲ. ಅದಕ್ಕೆ."

"ಹೆದರಿಕೆಗೆ ನಮ್ಮ ನಿಯಮದಲ್ಲಿ ಜಾಗ ಇಲ್ಲಮ್ಮ," ಎಂದರು ಸಾಹೇಬರು. ನಿಜಕ್ಕೂ ಬೇಸರಗೊಂಡವರಂತೆ ಕಂಡರು. "ಇನ್ನೊಂದು ಸಲ ಯೋಚನೆ ಮಾಡ್ತೀರಾ?"

"ಇಲ್ಲ ಸಾರ್. ಇನ್ನೊಂದು ಸಲ ಯೋಚನೆ ಮಾಡಿದ್ರೆ ಬೇರೆ ಏನಾದ್ರೂ ಹೇಳಿಬಿಡ್ತೀನಿ," ಎಂದು ಎದ್ದಳು. ಮೆಟ್ಟಿಲು ಇಳಿಯುವಾಗ ಕಂಬಿಯನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದಳು.

ಕಂಪನಿ ಅವಳು ಗಾಡಿ ನಿಲ್ಲಿಸಿದ್ದನ್ನು ಕಾರ್ಮಿಕ ಪ್ರತಿಭಟನೆಯೆಂದು ತೀರ್ಮಾನಿಸಿತು, ಶಿಕ್ಷೆಯಾಗಿ ಅವಳನ್ನು ಖಾಯಂ ಮಾಡುವುದಿಲ್ಲವೆಂದು ತಿಳಿಸಿತು. ಹಾಗೆ ತೀರ್ಮಾನಿಸಿದ ಮೇಲೆ ಯೂನಿಯನ್ನಿಗೆ ಬೇರೆ ದಾರಿ ಇರಲಿಲ್ಲ. ಪ್ರತಿಭಟಿಸಿ ಶಿಕ್ಷೆಗೊಳಗಾದವರು ನಮ್ಮವರೇ ಎಂದು ಮುಖಂಡರು ಸಭೆಯಲ್ಲಿ ಮಂಡಿಸಿದರು. "ಮೊನ್ನೆ ತಾನೇ ಅವಳು ನಮ್ಮವಳಲ್ಲ ಅಂದಿದ್ರಲ್ಲ?" ಎಂದು ದಪ್ಪ ಕನ್ನಡಕದವರು ಎದ್ದು ಕೇಳಿದರು. "ಅದು ಮೊನ್ನೆ," ಎಂದರು ಮುಖಂಡರು. ತೀರ್ಮಾನ ಅವಿರೋಧವಾಗಿ ಪಾಸಾಯಿತು. ಜೊತೆಗೆ ಇನ್ನೊಂದನ್ನೂ ಸೇರಿಸಿದರು: ಯಾರ ಮೇಲೆ ಎಂಥ ಸಿಟ್ಟಿದ್ದರೂ ಎದುರು ಗಾಡಿಯ ಕಡೆ ನೋಡುವುದನ್ನು ಬಿಡಕೂಡದು. ಇದನ್ನು ಓದುವಾಗ ಮುಖಂಡರ ದನಿ ಸ್ವಲ್ಪ ಕೆಟ್ಟಿತ್ತು, ನೆಗಡಿ ಎಂದರು.

ಮಾರನೆಯ ಬೆಳಿಗ್ಗೆಯಿಂದ ಅವಳಿಗೆ ಎಲ್ಲರೂ ಕೈ ಎತ್ತಿದರು. ಕೆಲವರು ಎರಡೂ ಕೈ ಎತ್ತಿದರು, ಅದನ್ನು ಕಂಡು ಅವಳಿಗೆ ಬೇರೆ ಥರ ಹೆದರಿಕೆಯಾಯಿತು. ಹೀಗೆ ಕೆಲವು ದಿನ ನಡೆಯಿತು. ಅವಳ ಕೆಲಸ ಖಾಯಂ ಆಗಲಿಲ್ಲ. ತಿಂಗಳ ಕೊನೆಯ ದಿನ ಟೈಯನ್ನೂ ಗಾಡಿಯ ಕೀಲಿಯನ್ನೂ ಡಿಪೋದಲ್ಲಿ ವಾಪಸು ಕೊಟ್ಟಳು.